ಮೂರನೇ ಸಾಲು

ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಕೂತ ಮೇಲೆಯೇ ನಿರಂಜನ ಮಂಡಲನಿಗೆ ಗೊತ್ತಾದದ್ದು, ಗಾಡಿ ಫಿರ್ದೌಸಳ ಅಪ್ಪ ದಾವೂದನದು ಎಂದು. ಶಿರಸಿಯಲ್ಲಿ ಬಾಡಿಗೆಗೆ ಬೇರೆ ಗಾಡಿಗಳೇ ಇರಲಿಲ್ಲವೇ? ಇಳಿದುಬಿಡೋಣ ಎನ್ನಿಸಿತು. ಇಳಿದು ಏನೆಂದು ಹೇಳುವುದು? ಹಿಂದೆ ಹುಡುಗಿಯರು ಕಿಟಕಿಗಾಗಿ ಕಿತ್ತಾಡುತ್ತಿದ್ದರು. "ಆನು ಕಿಟಕಿ ಹತ್ರ ಕೂರ್ತೆ, ಯಂಗೆ ವಾಂತಿ ಬತ್ತು" ಎಂದು ಒಬ್ಬಳು. "ಫಿರ್ದೌಸ್ ಬಂಜಿಲ್ಲೆ" ಎಂದು ಇನ್ನೊಬ್ಬಳು, ಇಂದು ಬಾರದವಳ ಹೆಸರೆತ್ತಿ, ದನಿ ತಗ್ಗಿಸಿದಳು. ಆಮೇಲೆ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಆ ಮೌನ ತನ್ನ ಬೆನ್ನಿಗೇ ಬಂದು ತಾಗಿದಂತೆ ಅವನು ಕತ್ತು ಬಿಗಿಹಿಡಿದು ಎದುರಿನ ಗಾಜನ್ನೇ ನೋಡುತ್ತ ಕೂತ. ಗಾಜಿನ ಮೇಲೆ ಇಬ್ಬನಿ ಕಟ್ಟಿತ್ತು. ದಾವೂದ್ ಬಂದು ಹಳೆಯ ಬನಿಯನ್ನಿನಿಂದ ಅದನ್ನು ಒರಸಿದ. ಒರಸಿದ ಜಾಗದಲ್ಲಿ ಮೊದಲು ಅವನ ಕೈ ಕಂಡಿತು, ಆಮೇಲೆ ಗಡ್ಡ, ಆಮೇಲೆ ಕಣ್ಣು. ಬಾಗಿಲು ತೆಗೆದು ಹತ್ತಿ ಕೂತು, "ನಮಸ್ಕಾರ ಸರ್. ನಮ್ಮ ಹುಡುಗಿ ಬರೂದಿಲ್ಲ. ಜ್ವರ" ಎಂದ. ಅಷ್ಟೇ. ಗಾಡಿ ಶುರುಮಾಡಿದ. ಹಾಗಾದರೆ ಹುಡುಗಿ ಮನೆಯಲ್ಲಿ ಏನೂ ಹೇಳಿಲ್ಲ ಎಂದು ಮಂಡಲನ ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಹೇಸಿಗೆಯೂ ಯಲ್ಲಾಪುರ ನಾಕೆ ದಾಟುವಷ್ಟರಲ್ಲಿ ಕರಗಿ, ಎಂದಿನ ಸಿಟ್ಟು ಮಾತ್ರ ಉಳಿಯಿತು.

ಈ ಊರಿನ ಮೇಲಿನ ಸಿಟ್ಟು. ಬಂದು ಇಷ್ಟು ವರ್ಷವಾದರೂ ಅವನು ಇಲ್ಲಿ ಬಂಗಾಲಿ ಮಾಸ್ತರನೇ. ಸಿಂಧನೂರಿನ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದವನು, ಗದಗಿನಲ್ಲಿ ಸಂಗೀತ ಕಲಿತವನು ಎಂದರೆ ಜನ ತಲೆಯಾಡಿಸಿ, "ಅಲ್ಲ, ಮೂಲ ಎಲ್ಲಿ?" ಎನ್ನುತ್ತಿದ್ದರು. ಮೂಲ ಖುಲ್ನಾ ಎಂದರೆ ಯಾರಿಗೂ ಗೊತ್ತಿಲ್ಲ. ಅದು ಈಗ ಬಾಂಗ್ಲಾದೇಶ ಎಂದರೆ ಎಲ್ಲರಿಗೂ ಗೊತ್ತು, ಗೊತ್ತಾದ ಕೂಡಲೇ ಮುಖದಲ್ಲಿ ಏನೋ ಒಂದು ಕದ ಮುಚ್ಚಿಕೊಳ್ಳುತ್ತದೆ. ಅವನ ನಾಲಿಗೆ ಅವನ ಮಾತು ಕೇಳುತ್ತಿರಲಿಲ್ಲ. ಸಂಗೀತ ಎನ್ನಲು ಹೋದರೆ ಶಂಗೀತ. ಅದನ್ನಾದರೂ ಸಹಿಸಬಹುದಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ, ಎಂಟನೇ ಇಯತ್ತೆಯ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತ, "ಎಲ್ಲರೂ ಒಟ್ಟಿಗೆ ಹೇಲಿ" ಎಂದಿದ್ದ. ತರಗತಿ ಬೆಂಚು ಗುದ್ದಿ ಗುದ್ದಿ ನಕ್ಕಿತ್ತು. ತಾನು ಮಕ್ಕಳಿಗೆ ಏನು ಮಾಡಲು ಹೇಳಿದೆ ಎಂಬುದು ಅವನಿಗೆ ಸಂಜೆ ಸ್ಟಾಫ್‌ರೂಮಿನಲ್ಲಿ ತಿಳಿಯಿತು. ಕನ್ನಡದ ಮಾಸ್ತರ ಅನಂತಮೂರ್ತಿ ಕಣ್ಣೊರಸಿಕೊಂಡು ನಗುತ್ತ ಬಿಡಿಸಿ ಹೇಳಿದ್ದ. ಕೊನೆಗೆ, "ಎಲ್ಲಿಂದಲೋ ಬಂದವರಿಗೆ ಈ ಭಾಷೆ ಎಲ್ಲಿಂದ ಬರಬೇಕು ಬಿಡಿ" ಎಂದು ಸಮಾಧಾನವನ್ನೂ ಮಾಡಿದ್ದ. ಅಂದಿನಿಂದ ಮಂಡಲ್ ಆ ಶಬ್ದವನ್ನೇ ಬಿಟ್ಟ. 'ಅನ್ನು' ಎನ್ನುತ್ತಿದ್ದ, 'ಮಾತಾಡು' ಎನ್ನುತ್ತಿದ್ದ. ಒಂದು ಅಕ್ಷರವನ್ನು ಸುತ್ತಿ ಬಳಸಿ ನಡೆಯುತ್ತಿದ್ದ, ಬೀದಿನಾಯಿ ಮಲಗಿದ ಓಣಿಯನ್ನು ತಪ್ಪಿಸಿ ನಡೆಯುವವರ ಹಾಗೆ. ಕಿವಿಗೆ ಆ ಅಕ್ಷರ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಅದು ತುಸು ಜಾರಿದರೂ ಕೇಳುತ್ತಿತ್ತು. ನಾಲಿಗೆಗೆ ಮಾತ್ರ ಗೊತ್ತಿರಲಿಲ್ಲ.

ಆ ಅನಂತಮೂರ್ತಿಯೇ ಯಲ್ಲಾಪುರದಲ್ಲಿ ನಡೆಯುವ ಈ ಸಲದ ಸಮೂಹಗಾನ ಸ್ಪರ್ಧೆಗೆ ಹಾಡು ಬರೆದುಕೊಟ್ಟದ್ದು. 'ಕಾಳ ಇರುಳು ಕಳೆಯಿತೇಳು, ಬೆಳಕು ಬೆಳೆವ ವೇಳೆಗೆ.' ಓದಿದ ಕೂಡಲೇ ಮಂಡಲನಿಗೆ ಮೈ ಉರಿಯಿತು. ಸಾಲುಸಾಲಿನಲ್ಲೂ ಅದೇ ಅಕ್ಷರ, ಬೇಕೆಂದೇ ಆಯ್ದು ಪೋಣಿಸಿದ ಹಾಗೆ. ತಮಾಷೆಗಾಗಿಯೇ ಬರೆದನೋ, ಅದರ ಪಾಡಿಗೆ ಅದು ಬಂತೋ? ಕೇಳುವುದಕ್ಕೆ ಆಗುವುದಿಲ್ಲ. ರಾಗ ಹಾಕದೆ ವಾಪಸು ಕೊಡುವುದಕ್ಕೂ ಆಗುವುದಿಲ್ಲ. ಆದರೆ ಮೂರನೇ ಸಾಲು ಅವನನ್ನು ಹಿಡಿದು ನಿಲ್ಲಿಸಿತ್ತು. 'ಹೊಳೆಯ ಆಚೆ ದಡದ ಮೇಲೆ ಯಾರೊ ಕರೆದ ಹಾಗಿದೆ.' ಇದನ್ನು ಆ ಮನುಷ್ಯ ಹೇಗೆ ಬರೆದ? ಶಾಲ್ಮಲೆಯ ಹೊರತು ಬೇರೆ ಹೊಳೆ ಕಾಣದವನು! ಮಂಡಲ್ ಕಂಡ ಹೊಳೆಗೆ ಆಚೆ ದಡವೇ ಕಾಣುತ್ತಿರಲಿಲ್ಲ. ಊರು ಬಿಟ್ಟು ಓಡಿಬಂದ ರಾತ್ರಿ ದೋಣಿಯಲ್ಲಿ ಅಮ್ಮ ಅವನ ಬಾಯಿಯನ್ನು ಅಂಗೈಯಿಂದ ಅದುಮಿ ಹಿಡಿದಿದ್ದಳು, ಅತ್ತರೆ ದಡದಲ್ಲಿದ್ದವರಿಗೆ ಕೇಳುತ್ತದೆಂದು. ಅಂಗೈಗೆ ಸಾಸಿವೆ ಎಣ್ಣೆಯ ವಾಸನೆ. ಸಾಯುವವರೆಗೂ ಅವಳು ಗಡ್ಡದವರನ್ನು ಕಂಡರೆ ಸೆರಗು ಬಿಗಿದುಕೊಳ್ಳುತ್ತಿದ್ದಳು. ದಾಟಿಸಿದ ದೋಣಿಯವನೂ ಗಡ್ಡದವನೇ ಎಂಬುದನ್ನು ಮಾತ್ರ ಕಥೆ ಹೇಳುವಾಗ ಬಿಟ್ಟುಬಿಡುತ್ತಿದ್ದಳು.

"ನಿಮ್ಮ ಕಡೆ ಹೊಳೆ ದೊಡ್ಡದಂತೆ, ಹೌದಾ ಸರ್?" ಎಂದ ದಾವೂದ್ ಒಮ್ಮೆಲೆ. ಮಂಡಲ್ ಬೆಚ್ಚಿದ. "ಫಿರ್ದೌಸ್ ಹೇಳ್ತಿರ್ತಾಳೆ. ಸರ್ ಕ್ಲಾಸಲ್ಲಿ ಹೇಳಿದ್ರು, ನಮ್ಮ ಹೊಳೇಲಿ ಹಡಗು ಬರ್ತಿತ್ತು ಅಂತ."

"ಹೂಂ. ದೊಡ್ಡದು."

"ನಾವು ಇಲ್ಲಿಯವ್ರೇ. ನಮ್ಮಜ್ಜ ಇದೇ ದಾರೀಲಿ ಎತ್ತಿನ ಗಾಡಿ ಹೊಡೀತಿದ್ರು, ಅಡಿಕೆ ಮೂಟೆ ಹೇರ್ಕೊಂಡು. ಆಗ ಈ ಡಾಂಬರೆಲ್ಲ ಎಲ್ಲಿತ್ತು!" ದಾವೂದ್ ಗೇರು ಬದಲಿಸಿದ. "ನಮ್ಮಪ್ಪ ಲಾರಿ. ನಂದು ಇದು. ಮೂರು ತಲೆ ಇದೇ ರಸ್ತೆಗೆ ಸವೀತು."

ಇದನ್ನೆಲ್ಲ ತನಗೇಕೆ ಹೇಳುತ್ತಾನೆ ಎಂದು ಮಂಡಲನಿಗೆ ಕಿರಿಕಿರಿಯಾಯಿತು. ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಬಾರದೇ? ಎರಡೂ ಕಡೆ ಕಾಡು, ಎಲೆಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಹಿಂದೆ ಹುಡುಗಿಯರು ಹಾಡು ಶುರುಮಾಡಿದ್ದರು. ಸಿನಿಮಾ ಹಾಡು, ಯಾವ ಶ್ರುತಿಯೂ ಇಲ್ಲದ್ದು. ಇವರ ಗಂಟಲುಗಳನ್ನು ಅವನು ಒಳಗೊಳಗೇ ದ್ವೇಷಿಸುತ್ತಿದ್ದ. ವರ್ಷವರ್ಷವೂ ಅವೇ ಚೊಕ್ಕಟವಾದ, ಎಣ್ಣೆ ಹಾಕಿ ಬಾಚಿದಂಥ ಗಂಟಲುಗಳು. ಹಾಡುತ್ತಿದ್ದವು, ತಪ್ಪುತ್ತಿರಲಿಲ್ಲ, ಅಷ್ಟೇ. ಫಿರ್ದೌಸ್ ಹಾಡಿದ್ದನ್ನು ಅವನು ಮೊದಲು ಕೇಳಿದ್ದು ಬಾಗಿಲ ಆಚೆಯಿಂದ. ಯಾರೋ ಖಾಲಿ ತರಗತಿಯಲ್ಲಿ ನೆಲ ಗುಡಿಸುತ್ತ, ಅವನ ಹಾಡಿನ ಮೂರನೇ ಸಾಲನ್ನು ಅವನು ಕಟ್ಟಿದ ಹಾಗಲ್ಲದೆ, ತಿಳಿಯದೆ ಮೇಲಕ್ಕೆ ಎತ್ತಿಬಿಟ್ಟಿದ್ದರು. ಅವನು ಬಾಗಿಲ ಹೊರಗೇ ನಿಂತಿದ್ದ. ಅಂದು ಕೋಣೆಗೆ ಹೋಗಿ ಮೂರನೇ ಸಾಲನ್ನು ಕಿತ್ತು ಹೊಸದಾಗಿ ಕಟ್ಟಿದ. ತಾರ ಷಡ್ಜವನ್ನು ದಾಟಿ ಗಾಂಧಾರಕ್ಕೆ ಹೋಗಿ, ಅಲ್ಲಿ ಉಸಿರಿರುವವರೆಗೂ ನಿಂತು, ಇಳಿಯಲು ಮನಸ್ಸಿಲ್ಲದವರ ಹಾಗೆ ಇಳಿಯಬೇಕು. ಶಾಲೆಯಲ್ಲಿ ಬೇರೆ ಯಾರಿಗೂ ಅದು ಎಟುಕುವುದಿಲ್ಲವೆಂದು ಗೊತ್ತಿದ್ದೇ ಕಟ್ಟಿದ. ಇಷ್ಟು ವರ್ಷ ಸ್ವಾಗತಗೀತೆ, ವಂದನಾರ್ಪಣೆಯ ಗೀತೆ, ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರ ಷಷ್ಟ್ಯಬ್ದಿಯ ಗೀತೆಗಳಿಗೆ ರಾಗ ಹಾಕಿದವನು ಅಂದು ಮೊದಲ ಸಲ ತಾನು ಏನನ್ನೋ ಮಾಡಿದೆ ಎಂದುಕೊಂಡ. ಅವಳು ಅದನ್ನು ಹಾಡಿದಾಗ ಅಮ್ಮನ ಅಂಗೈ ಬಾಯಿಂದ ಸರಿದ ಹಾಗಾಗುತ್ತಿತ್ತು.

ನಿನ್ನೆ ಬೆಳಿಗ್ಗೆ ಹೆಡ್‌ಮಾಸ್ತರ ಶಿವಲಿಂಗಪ್ಪನವರು ಕರೆಸಿದ್ದರು. ಹಾವೇರಿ ಕಡೆಯ ಮನುಷ್ಯ, ಮಾತು ಮೆತ್ತಗೆ. "ಮಂಡಲ್ ಮಾಸ್ತರ, ಬರ್ರಿ, ಕುಂಡ್ರಿ. ಹಾಡು ಛಲೋ ಕೂಡೇತಿ. ಆದ್ರ ಮುಂದ ಆ ಹುಡುಗಿ ಬ್ಯಾಡ್ರಿ."

"ಯಾವ ಹುಡುಗಿ ಶರ್?"

"ಯಾವಾಕಿ ಅಂತ ನಿಮಗ ಗೊತ್ತೈತಿ. ಅಧ್ಯಕ್ಷರು ಮೊನ್ನೆ ಕೇಳ್ಯಾರ, ಉಚ್ಚಾರ ಸರಿ ಇಲ್ಲ ಅಂದ್ರು. ಬೆಳಕಿಗೆ ಬೆಲಕು ಅಂತಾಳಂತ. ಅವರ ಮೊಮ್ಮಗಳು ಅಭಿಜ್ಞಾ ಅದಾಳಲ್ಲ, ಆಕೀನ್ನ ನಿಲ್ಲಸ್ರಿ." ಪೇಪರ್‌ವೇಟನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಮುಂದುವರಿಸಿದರು. "ನಿಮ್ಮನ್ನ ಕಾಯಂ ಮಾಡೋ ವಿಷಯ ಬರೋ ಮೀಟಿಂಗಿನಾಗ ಐತಿ. ಯಾರೋ ಒಬ್ರು ಎತ್ತಿದ್ರು ನೋಡ್ರಿ, ಇವರು ಬಾಂಗ್ಲಾದವರಂತಲ್ಲ, ಕಾಗದಪತ್ರ ಎಲ್ಲಾ ಸರಿ ಅದಾವೇನು ಅಂತ. ನಾ ಅಂದೆ, ಏ ಹೋಗ್ರಿ, ಅವರು ನಮ್ಮ ರಾಯಚೂರ ಕಡೆಯವರು ಅಂತ. ನಾ ಇರೋ ತನಕ ಚಿಂತಿ ಬ್ಯಾಡ್ರಿ."

ಮಂಡಲ್ ಒಂದು ಮಾತೂ ಆಡದೆ ಎದ್ದು ಬಂದ. ಆಡಬಹುದಿತ್ತು. ಹುಡುಗಿ ಇಲ್ಲದಿದ್ದರೆ ಹಾಡೇ ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಊಟದ ಬಿಡುವಾದ ಮೇಲೆ ತಾಲೀಮಿಗೆ ಕೂತಾಗ ಅವನಿಗೆ ತನ್ನ ಮೇಲಿದ್ದ ಸಿಟ್ಟೆಲ್ಲ ಹೋಗಿ ನಿಂತದ್ದು ಫಿರ್ದೌಸಳ ಮೇಲೆ. ಅವಳು ಸುಮ್ಮನೆ ಸರಿಯಾಗಿ ಉಚ್ಚರಿಸಿದ್ದರೆ ಇದೆಲ್ಲ ಬರುತ್ತಿರಲಿಲ್ಲ. ಎಲ್ಲರ ನಡುವೆ ಅವಳನ್ನು ಎಬ್ಬಿಸಿ ನಿಲ್ಲಿಸಿದ. "ಇವತ್ತಿಂದ ನೀನು ಹಿಂದೆ. ಉಚ್ಚಾರ ಶರಿ ಇಲ್ಲ. ಎಲ್ಲಿ, ಆ ಶಬ್ದ ಅನ್ನು ನೋಡೋಣ." ಅವಳು ಕಣ್ಣು ಪಿಳುಕಿಸುತ್ತ ನಿಂತಳು, ಯಾವ ಶಬ್ದ ಎಂದು ಅರ್ಥವಾಗದೆ. ಅವನಿಗೆ ತಾಳ್ಮೆ ಕೆಟ್ಟಿತು. "ಹೇಲು! ಬೇಗ ಹೇಲು!" ಎಂದುಬಿಟ್ಟ. ಇಷ್ಟು ವರ್ಷ ಕಾಯ್ದುಕೊಂಡು ಬಂದದ್ದು ಒಂದು ಗಳಿಗೆಯಲ್ಲಿ ಬಾಯಿಂದ ಜಾರಿತು. ತರಗತಿ ನಕ್ಕಿತು. ಆ ನಗುವಿನ ನಡುವೆ ಫಿರ್ದೌಸ್, "ಬೆಳಕು" ಎಂದಳು. ಎಷ್ಟು ಚೊಕ್ಕವಾಗಿ ಅಂದಳೆಂದರೆ, ಆ ಅಕ್ಷರ ತಾಮ್ರದ ಕೊಡಕ್ಕೆ ತಗುಲಿದ ಹಾಗೆ ಕೇಳಿತು. ಹಾಗಾದರೆ ಬರುತ್ತದೆ ಇವಳಿಗೆ! ಬರುತ್ತಿದ್ದೂ ಹಾಡುವಾಗ ಬೆಲಕು ಎಂದಳಲ್ಲ, ಇಷ್ಟು ದಿನವೂ ಎದುರಿಗೇ ನಿಂತು ತನ್ನನ್ನು ಅಣಕಿಸುತ್ತಿದ್ದಳಲ್ಲ, ಉಳಿದವರು ಕಾರಿಡಾರಿನಲ್ಲಿ ಅಣಕಿಸುವ ಹಾಗೆಯೇ! ಅವನ ಕೈ ಅವಳ ಕೆನ್ನೆಗೆ ಬಿದ್ದಿತ್ತು. ಅರ್ಧ ಕೆನ್ನೆಗೆ, ಅರ್ಧ ಬಾಯಿಗೆ. "ಎಲ್ಲಿಂದಲೋ ಬಂದವರು ನೀವು" ಎಂದು ಕಿರುಚಿದ್ದ, "ನಿಮ್ಮ ಜನಕ್ಕೆ ಈ ಭಾಷೆ ಎಲ್ಲಿಂದ ಬರಬೇಕು!" ಮಾತು ಮುಗಿಯುವಷ್ಟರಲ್ಲಿ ಅದು ಯಾರ ಮಾತು ಎಂದು ಅವನಿಗೆ ಗೊತ್ತಾಗಿತ್ತು. ಆಗ ಯಾರೂ ನಗುತ್ತಿರಲಿಲ್ಲ.

ಮಂಚಿಕೇರಿಯಲ್ಲಿ ದಾವೂದ್ ಚಹಕ್ಕೆ ಗಾಡಿ ನಿಲ್ಲಿಸಿದ. ಹುಡುಗಿಯರು ಇಳಿದು ಮರದ ಕೆಳಗೆ ಗುಂಪಾದರು. ಅಭಿಜ್ಞಾ ಮಾತ್ರ ಇಳಿಯಲಿಲ್ಲ. ಕಿಟಕಿಗೆ ಹಣೆ ಆನಿಸಿ ಕೂತಿದ್ದಳು, ಮಂಡಲ್ ನೋಡಿದ ಕೂಡಲೇ ಮುಖ ತಿರುಗಿಸಿದಳು. ಹೋಟೆಲಿನವನು ಅವನ ಮಾತು ಕೇಳಿ ಕಿವಿ ನಿಮಿರಿಸಿ, "ನೀವು ಬಂಗಾಲಿಯವ್ರಾ? ಮೂಲವ್ಯಾಧಿಗೆ ಔಷಧ ಕೊಡ್ತ್ರಲಾ, ಬೋರ್ಡು ಹಾಕ್ಕಂಡು? ನಮ್ಮ ಭಾವಂಗೆ ಬೇಕಾಗಿತ್ತು" ಎಂದ. ದಾವೂದ್, "ಅವ್ರು ಸಂಗೀತದ ಮಾಸ್ತರು ಮಾರಾಯಾ. ಹಾಡಿಗೆ ರಾಗ ಹಾಕೋರು" ಎಂದು ಹೇಳಿ, ಲೋಟವನ್ನು ತಾನೇ ತಂದು ಅವನ ಕೈಗೆ ಕೊಟ್ಟ. ಆ ಉಪಕಾರವೇ ಹೆಚ್ಚು ಚುಚ್ಚಿತು.

"ಒಂದು ನಗೆಯ ವಿಷಯ ಹೇಳ್ತೆ ಸರ್" ಎಂದ ದಾವೂದ್, ತನ್ನ ಲೋಟದೊಳಗೆ ನೋಡುತ್ತ. ಅವನ ಮುಖದಲ್ಲಿ ನಗೆ ಇರಲಿಲ್ಲ. "ಮನೇಲಿ ಪಾತ್ರೆ ತೊಳೀತಾ ನಿಮ್ಮ ಹಾಡೇ. ಬೆಲಕು ಬೆಲೆವ ವೇಲೆಗೆ. ಅವಳಮ್ಮ ಸುಗ್ರಾ ನಕ್ಕುಬಿಟ್ಳು, ಏನೇ ಇದು, ಬೆಳಕು ಅನ್ನೂಕೆ ಬರೂದಿಲ್ವಾ ನಿಂಗೆ ಅಂತ. ಹುಡುಗಿಗೆ ಸಿಟ್ಟು ಬಂತು. ಮಾತಲ್ಲಿ ಬೆಳಕು, ಹಾಡಲ್ಲಿ ಬೆಲಕು. ಸರ್ ಹಾಗೇ ಹೇಳಿಕೊಟ್ಟದ್ದು. ರಾಗಕ್ಕೆ ಹಾಗೇ ಕೂರೂದು, ನಿಮಗೆಲ್ಲ ತಿಳಿಯೂದಿಲ್ಲ, ಅಂದ್ಲು." ಚಹದ ಕೊನೆಯ ಗುಟುಕನ್ನು ನೆಲಕ್ಕೆ ಚೆಲ್ಲಿದ. "ಹೊರಡುವಾ?"

ಮತ್ತೆ ಗಾಡಿ ಹತ್ತಿದ್ದು, ಪೆಟ್ಟಿಗೆಯನ್ನು ತೊಡೆಗೇರಿಸಿಕೊಂಡದ್ದು ಯಾವುದೂ ಮಂಡಲನ ಗಮನಕ್ಕೆ ಬರಲಿಲ್ಲ. ಅಣಕಿಸಿರಲಿಲ್ಲ ಅವಳು. ಇಡೀ ಶಾಲೆಯಲ್ಲಿ, ಇಡೀ ಊರಿನಲ್ಲಿ, ಅವನ ತಪ್ಪನ್ನು ತಪ್ಪು ಎಂದು ತಿಳಿಯದೆ ಹಾಡಿನ ಭಾಗ ಎಂದೇ ತಿಳಿದು, ಜೋಪಾನವಾಗಿ ಬಾಯಲ್ಲಿಟ್ಟುಕೊಂಡವಳು ಅವಳೊಬ್ಬಳು. ಗಾಡಿ ತಿರುಗಿಸಿ ಎನ್ನಬೇಕು. ಶಿರಸಿಗೆ ವಾಪಸು ಹೋಗಿ ಅವಳನ್ನು ಕರೆತರಬೇಕು. ಆದರೆ ಯಲ್ಲಾಪುರದಲ್ಲಿ ಅಧ್ಯಕ್ಷರು ಕಾಯುತ್ತಿರುತ್ತಾರೆ. ಹೆಡ್‌ಮಾಸ್ತರರ ಬೆರಳಡಿಯಲ್ಲಿ ಪೇಪರ್‌ವೇಟ್ ತಿರುಗುತ್ತಿರುತ್ತದೆ. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು. ಪ್ರತಿ ತಿರುವಿನಲ್ಲೂ ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಆಮೇಲೆ ಮನೆಗಳು ಕಾಣಿಸಿದವು, ಬಸ್ ಸ್ಟ್ಯಾಂಡು ಕಾಣಿಸಿತು, ಹೇಳುವ ಅಗತ್ಯ ತಪ್ಪಿತು. ತಪ್ಪಿತಲ್ಲ ಎಂದು ತನಗೆ ಸಮಾಧಾನವಾದದ್ದನ್ನೂ ಅವನು ಕಂಡ.

ಅಭಿಜ್ಞಾ ಚೆನ್ನಾಗಿಯೇ ಹಾಡಿದಳು. ಅವಳಿಗೆಂದು ಮಂಡಲ್ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದ್ದ. ಇಳಿಸಿದರೂ ಮೂರನೇ ಸಾಲು ಅವಳಿಗೆ ಎಟುಕದೆಂದು ವೇದಿಕೆಯ ಹಿಂದೆ ನಿಂತು, ಕೊನೆಯ ಗಳಿಗೆಯಲ್ಲಿ, "ಮೂರನೆಯದು ಬಿಡಿ. ಎರಡರಿಂದ ನೇರ ನಾಲ್ಕಕ್ಕೆ ಹೋಗಿ" ಎಂದಿದ್ದ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಹಾರ್ಮೋನಿಯಂ ನುಡಿಸುತ್ತ ಅವನು ಆ ಜಾಗಕ್ಕೆ ಬಂದಾಗ ಬೆರಳು ತಾನಾಗಿ ಮೇಲಕ್ಕೆ ಹೊರಟಿತು. ಅದನ್ನು ಎಳೆದು ಕೆಳಗಿಟ್ಟ. ಸಭೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಮೊದಲ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಮೈಕಿನ ಮುಂದೆ, "ಈ ತಂಡದ ಉಚ್ಚಾರ ಬಹಳ ಶುದ್ಧ. ರಾಗವೂ ಸರಳವಾಗಿದೆ, ಮಕ್ಕಳಿಗೆ ತಕ್ಕದ್ದು" ಎಂದರು. ಶಿವಲಿಂಗಪ್ಪನವರು ಅವನ ಭುಜ ತಟ್ಟಿ, "ನಿಮ್ಮ ಕೆಲಸ ಆತ್ರಿ ಮಾಸ್ತರ" ಎಂದು ಕಿವಿಯಲ್ಲಿ ಹೇಳಿದರು. ಅಧ್ಯಕ್ಷರು ಮೊಮ್ಮಗಳನ್ನು ಹತ್ತಿರ ಕರೆದು ಫೋಟೋಕ್ಕೆ ನಿಂತರು. ಫೋಟೋದಲ್ಲಿ ಅವಳು ನಗಲಿಲ್ಲ. ಅಜ್ಜನ ಕಾರಿನಲ್ಲಿ ಹೋಗಲೂ ಒಪ್ಪದೆ, "ಆನು ಟೆಂಪೋದಲ್ಲೇ ಬತ್ತೆ" ಎಂದು ಹಟ ಹಿಡಿದು ಬಂದು ಹಿಂದಿನ ಮೂಲೆಯಲ್ಲಿ ಕೂತಳು.

ವಾಪಸು ಬರುವಾಗ ದಾವೂದ್ ಎಲ್ಲೂ ಗಾಡಿ ನಿಲ್ಲಿಸಲಿಲ್ಲ. ಶಾಲೆಯ ಎದುರು ಹುಡುಗಿಯರು ಇಳಿದರು. ಒಬ್ಬೊಬ್ಬರನ್ನೂ ಮನೆಯವರು ಬಂದು ಕರೆದುಕೊಂಡು ಹೋದರು. ಎಲ್ಲರೂ ಹೋಗುವವರೆಗೆ ದಾವೂದ್ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕಾದ. ಮಂಡಲ್ ಇಳಿಯಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. "ದಾವೂದಣ್ಣ, ನಿಮ್ಮ ಹುಡುಗಿಗೆ ಜ್ವರ ಅಲ್ಲ. ನಿನ್ನೆ ನಾನು..."

"ಗೊತ್ತು."

"ಹುಡುಗಿ ಅಂದ್ಲಾ?"

"ಅವಳು ಎಲ್ಲಿ ಹೇಳ್ತಾಳೆ! ಬಾಗಿಲಿಗೆ ತಾಗಿತು ಅಂದ್ಲು. ಅಭಿಜ್ಞಾ ನಿನ್ನೆ ಸಂಜೆ ಮನೆಗೆ ಬಂದು ಅವಳಮ್ಮನ ಹತ್ರ ಎಲ್ಲಾ ಹೇಳಿ, ಅತ್ತು ಹೋಯ್ತು." ದಾವೂದ್ ಅವನ ಕಡೆ ತಿರುಗಲಿಲ್ಲ. "ಬೆಳಿಗ್ಗೆ ಗಾಡಿ ಒರಸ್ತಾ ನಿಮ್ಮನ್ನ ಕಂಡೆ. ಹಿಂದೆ ಮಕ್ಕಳಿದ್ವು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಇಲ್ಲಾಂದ್ರೆ ನಾನು ಏನು ಮಾಡ್ತಿದ್ನೋ ನಂಗೇ ಗೊತ್ತಿಲ್ಲ." ಅವನ ಬೆರಳ ಗಂಟುಗಳು ಬೆಳ್ಳಗಾಗಿದ್ದವು. "ಎಲ್ಲಿಂದಲೋ ಬಂದವರು ಅಂದ್ರಂತಲ್ಲ. ನಮ್ಮಜ್ಜನ ವಿಷಯ ಯಾಕೆ ತೆಗೆದೆ ಅಂತ ಈಗಲಾದ್ರೂ ತಿಳೀತಾ? ಅದನ್ನ ನೀವು ಅಂದ್ರಲ್ಲ ಸರ್. ಬೇರೆ ಯಾರಾದ್ರೂ ಅಂದಿದ್ರೆ ನಂಗೆ ಇಷ್ಟು ಉರೀತಿರಲಿಲ್ಲ."

ಮಂಡಲ್ ಏನೋ ಹೇಳಲು ಹೋದ. ದಾವೂದ್ ಇಂಜಿನ್ ಶುರುಮಾಡಿದ. "ನಂಗೆ ಹೇಳೂದು ಬೇಡ. ತಾನೇ ಏನೋ ತಪ್ಪು ಹಾಡಿದ್ದೆ, ಅದಕ್ಕೆ ಹೊಡೆದ್ರು ಅಂತ ಅವಳು ಕೂತುಕೊಂಡಿದ್ದಾಳೆ. ಅದನ್ನ ಅವಳ ತಲೆಯಿಂದ ಬಿಡಿಸಿ. ಅದು ನಂಗೆ ಆಗೂ ಕೆಲಸ ಅಲ್ಲ."

ಕಸ್ತೂರಬಾನಗರದ ಓಣಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಟೆಂಪೋದ ಸದ್ದಿಗೆ ಸುಗ್ರಾ ಬಾಗಿಲಿಗೆ ಬಂದಳು. ಗಂಡನ ಹಿಂದೆ ಇಳಿದವನನ್ನು ಕಂಡು ಚೌಕಟ್ಟಿಗೆ ಅಡ್ಡ ಕೈಯಿಟ್ಟಳು. "ಒಳಗೆ ಬರೂದು ಬೇಡ. ಏನಿದ್ರೂ ಅಲ್ಲೇ ನಿಂತು ಹೇಳ್ಲಿ." ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದವರು ಇತ್ತ ತಿರುಗಿದರು. ಮಂಡಲ್ ಅಂಗಳದಲ್ಲಿ ನಿಂತ. ಎಲ್ಲಿ ನಿಂತರೂ ಜನ ನೋಡುತ್ತಿದ್ದ ಊರಿನಲ್ಲಿ ಇವತ್ತು ಮಾತ್ರ ಅವರು ನೋಡುವುದು ನ್ಯಾಯ ಎನ್ನಿಸಿತು. ಫಿರ್ದೌಸ್ ಅಮ್ಮನ ತೋಳಿನ ಕೆಳಗಿನಿಂದ ಕಾಣಿಸಿಕೊಂಡಳು. ಕೆಳತುಟಿಯ ಅಂಚು ಊದಿತ್ತು.

"ತಪ್ಪು ನಿನ್ನದಲ್ಲ" ಎಂದ ಅವನು. ದನಿ ಎಲ್ಲರಿಗೂ ಕೇಳುವಷ್ಟು ಇರಲೆಂದು ಗಂಟಲು ಸರಿಮಾಡಿಕೊಂಡ. "ನೀನು ಶರಿಯಾಗೇ ಹಾಡಿದ್ದೆ. ಆ ಅಕ್ಷರ ನನಗೆ ಬರೋದಿಲ್ಲ. ಬೆಲಕು ಅಂತಲೇ ಬರ್ತದೆ. ಅದು ರಾಗಕ್ಕಾಗಿ ಅಲ್ಲ. ನಿನ್ನನ್ನ ಮುಂದೆ ನಿಲ್ಲಿಶಬಾರದು ಅಂತ ಅವರು ಅಂದ್ರು, ನಾನು ಹೆದರಿದೆ. ಹೆದರಿ ಹೊಡೆದೆ." ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಹುಡುಗಿ ನೆಲ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಅವನು ಹೇಳಿದ್ದನ್ನೆಲ್ಲ ಎಲ್ಲೋ ಒಂದು ಕಡೆ ತೆಗೆದಿಟ್ಟವಳಂತೆ ತಲೆಯಾಡಿಸಿದಳು.

"ಪ್ರೈಜ್ ಬಂತಾ ಸರ್?"

"ಬಂತು."

"ಮೂರನೇ ಸಾಲು ಯಾರು ಹಾಡಿದ್ರು? ಅಭಿಜ್ಞಾಗೆ ಅಲ್ಲಿ ಉಸಿರು ಸಾಲೂದಿಲ್ಲ."

"ಯಾರೂ ಹಾಡ್ಲಿಲ್ಲ. ತೆಗೆದುಬಿಟ್ಟೆ."

ಅವಳು ತಲೆಯೆತ್ತಿದಳು. ಹೊಡೆತ ಬಿದ್ದಾಗ ನಿನ್ನೆ ಆ ಮುಖದಲ್ಲಿ ಇದ್ದದ್ದು ಗಾಬರಿ ಮಾತ್ರ. ಈಗ ಅಲ್ಲಿ ಏನೋ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಈ ಊರಿನವರ ತಾತ್ಸಾರವನ್ನೆಲ್ಲ ಬಲ್ಲ ಅವನಿಗೆ ಇದು ಗೊತ್ತಿರಲಿಲ್ಲ. ಇದುವರೆಗೆ ಯಾರೂ ಅವನನ್ನು ಇಷ್ಟು ಗಂಭೀರವಾಗಿ ದ್ವೇಷಿಸಿರಲಿಲ್ಲ.

"ತೆಗೆದ್ರಾ?" ಎಂದಳು. "ನೀವೇ ಕಟ್ಟಿದ್ದಲ್ವಾ ಸರ್ ಅದು?"

ಅವಳು ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು, ನಿಜವಾಗಿಯೂ ಕಾದಳು. ಆಮೇಲೆ ಅಮ್ಮನ ತೋಳಿನ ಕೆಳಗಿನಿಂದಲೇ ತಿರುಗಿ ಒಳಗೆ ಹೋದಳು. ಸುಗ್ರಾ ಚೌಕಟ್ಟಿನಿಂದ ಕೈ ತೆಗೆದಳು.

"ಆಯ್ತಲ್ಲ" ಎಂದಳು. "ಇನ್ನು ಹೋಗಿ."